ಹಳೆಯ ಫ್ಲಾಸ್ಕಿಗೆ ಹೊಸ ಗಾಜು

ಮಲ್ಲೇಶ್ವರದ ಹಳೆಯ ಮನೆಯೊಂದರಲ್ಲಿ ಬಾಣಂತನದ ಸಿದ್ಧತೆ ನಡೆದಿತ್ತು. ಬೆಳ್ಳುಳ್ಳಿ, ಮೆಣಸು, ಒಣಶುಂಠಿಗಳು ಬಂದು ಡಬ್ಬಿಗಳನ್ನು ಸೇರಿದ್ದವು; ಹಳೆಯ ಪಂಚೆಗಳು ಒಗೆದು ಮಡಿಚಿ ಅಟ್ಟಿಯಾಗಿದ್ದವು. ಎಲ್ಲವೂ ಸಿದ್ಧವಾದ ಮೇಲೆ ಮನೆಯ ಹಿರಿಯಾಕೆಗೆ ಮತ್ತೊಂದು ನೆನಪಾಯಿತು. ‘ಅಟ್ಟದ ಮೇಲಿನ ಟ್ರಂಕಿನಲ್ಲಿ ಫ್ಲಾಸ್ಕಿದೆ, ಇಳಿಸು’ ಎಂದರು. ನಿವೃತ್ತ ಉಪಾಧ್ಯಾಯರಾದ ಅವರ ಮಗ ಏಣಿ ಹತ್ತಿದರು.

ಹಸಿರು ಬಣ್ಣದ ತಗಡಿನ ಕವಚ, ಮುಚ್ಚಳವಾಗಿಯೂ ಬಟ್ಟಲಾಗಿಯೂ ಒದಗುವ ತಲೆ, ತಳದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದುದೆಂದು ಸಾರುವ ಉಬ್ಬಕ್ಷರಗಳು. ಬಣ್ಣವು ಅಲ್ಲಲ್ಲಿ ಎದ್ದಿದ್ದರೂ ಒಟ್ಟಂದಕ್ಕೆ ಕುಂದು ಬಂದಿರಲಿಲ್ಲ. ಆದರೆ ಕೈಗೆತ್ತಿಕೊಂಡೊಡನೆಯೇ ಒಳಗಿನಿಂದ ಝಲ್ಲೆಂಬ ಸದ್ದು ಕೇಳಿಸಿತು. ಒಡೆದ ಬಳೆಗಳನ್ನು ಡಬ್ಬಿಯಲ್ಲಿಟ್ಟು ಅಲುಗಿಸಿದಂತಹ ಸದ್ದು ಅದು. ಏಣಿಯ ಕೆಳಗೆ ನಿಂತಿದ್ದ ಹಿರಿಯಾಕೆಗೆ ಬೇರೆ ವಿವರಣೆ ಬೇಕಾಗಲಿಲ್ಲ.

‘ನಿನ್ನ ಬಾಣಂತನಕ್ಕೂ ಇದೇ, ನಿನ್ನ ತಂಗಿಯರ ಬಾಣಂತನಕ್ಕೂ ಇದೇ’ ಎಂದು ಹೇಳಿ ಅವರು ಸುಮ್ಮನಾದರು.

ಮೊಮ್ಮಗಳು, ಅಂದರೆ ಬಾಣಂತನಕ್ಕೆ ಬಂದಿದ್ದವಳು, ಉಕ್ಕಿನ ಹೊಸ ಫ್ಲಾಸ್ಕನ್ನು ತಾನಾಗಲೇ ತರಿಸಿರುವುದಾಗಿ ತಿಳಿಸಿದಳು. ಅದು ಬೀಳುವುದಿಲ್ಲ, ಬಿದ್ದರೂ ಒಡೆಯುವುದಿಲ್ಲ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮೇಷ್ಟ್ರು ಆ ಹಸಿರು ಫ್ಲಾಸ್ಕನ್ನು ಗುಜರಿಗೆ ಹಾಕದೆ ಹಜಾರದ ಮೇಜಿನ ಮೇಲಿಟ್ಟುಕೊಂಡು ಕುಳಿತರು. ತಾಯಿಯ ಮೌನ ಅದಕ್ಕೆ ಒಂದು ಕಾರಣ. ಅವರನ್ನು ಕಾಡಿದ ಪ್ರಶ್ನೆ ಇನ್ನೊಂದು. ಯಾರೂ ಕೆಡವದೆ, ಯಾರೂ ಮುಟ್ಟದೆ, ಟ್ರಂಕಿನೊಳಗೆ ಬಟ್ಟೆಗಳ ನಡುವೆ ಮಲಗಿದ್ದ ವಸ್ತು ಒಡೆದದ್ದಾದರೂ ಹೇಗೆ?

ಇದಕ್ಕೆ ಉತ್ತರ ಬೇಕಾದರೆ ಫ್ಲಾಸ್ಕಿನ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕು. ನಾವು ಫ್ಲಾಸ್ಕೆಂದು ಕರೆಯುವ ಬಣ್ಣದ ತಗಡು ಫ್ಲಾಸ್ಕಲ್ಲ. ಅದು ಫ್ಲಾಸ್ಕಿನ ಅಂಗಿ. ನಿಜವಾದ ಫ್ಲಾಸ್ಕು ಒಳಗಿರುವ ಗಾಜು. ಅದೂ ಒಂದು ಗಾಜಲ್ಲ, ಒಂದರೊಳಗೊಂದಿರುವ ಎರಡು ಶೀಶೆಗಳು. ಕೊರಳಿನಲ್ಲಿ ಮಾತ್ರ ಅವು ಬೆಸೆದುಕೊಂಡಿರುತ್ತವೆ. ಇವುಗಳ ನಡುವಣ ತೆರಪಿಗೆ ಬೆಳ್ಳಿಯ ದ್ರಾವಣವನ್ನು ಹುಯ್ದು ಗೋಡೆಗಳಿಗೆ ಕನ್ನಡಿಯಂತೆ ಲೇಪವೇರಿಸಿ, ಅನಂತರ ತಳದ ಸಣ್ಣ ನಳಿಕೆಯ ಮೂಲಕ ಒಳಗಿನ ಗಾಳಿಯನ್ನೆಲ್ಲ ಹೀರಿ, ನಳಿಕೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿಬಿಡುತ್ತಾರೆ. ಹೀಗೆ ಮುಚ್ಚಿದ ಗುರುತಾಗಿ ಗಾಜಿನ ತಳದಲ್ಲಿ ಒಂದು ಚೂಪಾದ ಮೊನೆ ಉಳಿಯುತ್ತದೆ. ಈ ಮೊನೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಮೂರು ದಾರಿಗಳುಂಟೆಂದು ಪ್ರೌಢಶಾಲೆಯ ಮಕ್ಕಳು ಕಂಠಪಾಠ ಮಾಡುತ್ತಾರೆ: ವಹನ, ಸಂವಹನ, ವಿಕಿರಣ. ಮೊದಲಿನ ಎರಡಕ್ಕೂ ಹೊತ್ತೊಯ್ಯುವ ವಸ್ತುವೊಂದು ಬೇಕು. ಎರಡು ಗಾಜುಗಳ ನಡುವೆ ಗಾಳಿಯೇ ಇಲ್ಲದಿರುವುದರಿಂದ ಆ ದಾರಿಗಳು ಕಡಿದುಹೋಗುತ್ತವೆ. ವಿಕಿರಣಕ್ಕೆ ಯಾವ ವಸ್ತುವಿನ ಹಂಗೂ ಇಲ್ಲ. ಅದನ್ನು ಬೆಳ್ಳಿಯ ಕನ್ನಡಿಯು ಹಿಂದಕ್ಕೆ ಅಟ್ಟುತ್ತದೆ. ಉಳಿದದ್ದು ಕೊರಳು ಮತ್ತು ಬಿರಡೆ. ಒಳ್ಳೆಯ ಫ್ಲಾಸ್ಕಿನಿಂದ ಸೋರಿಹೋಗುವ ಶಾಖದ ಬಹುಪಾಲು ಈ ಕಿರಿದಾದ ಬಾಯಿಯಿಂದಲೇ ಹೋಗುತ್ತದೆ.

ಈ ಉಪಾಯವನ್ನು ಕಂಡವನು ಕಾಫಿಯ ಚಿಂತೆಯಲ್ಲಿದ್ದವನಲ್ಲ. ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಡ್ಯೂಅರನಿಗೆ ಬೇಕಾಗಿದ್ದುದು ತಣ್ಪನ್ನು ಕಾಯುವ ಪಾತ್ರೆ. ದ್ರವರೂಪಕ್ಕಿಳಿಸಿದ ಆಮ್ಲಜನಕವು ಸೊನ್ನೆಗಿಂತ 183 ಡಿಗ್ರಿ ಸೆಂಟಿಗ್ರೇಡು ಕೆಳಗೇ ಕುದಿಯುತ್ತದೆ. ಸಾಮಾನ್ಯ ಪಾತ್ರೆಯಲ್ಲಿಟ್ಟರೆ ನೋಡನೋಡುತ್ತಲೇ ಆವಿಯಾಗುತ್ತದೆ. ಅದನ್ನು ಹಿಡಿದಿಡಲು 1892ರಲ್ಲಿ ಆತ ಈ ಜೋಡಿಗೋಡೆಯ ಶೀಶೆಯನ್ನು ರೂಪಿಸಿದ. 1898ರಲ್ಲಿ ಜಲಜನಕವನ್ನೇ ದ್ರವಗೊಳಿಸಿದ ಕೀರ್ತಿಯೂ ಆತನದೇ. ಆದರೆ ಶೀಶೆಗೆ ಪೇಟೆಂಟ್ ಪಡೆಯಲಿಲ್ಲ. 1903ರಲ್ಲಿ ಬರ್ಲಿನ್ನಿನ ಗಾಜುಕುಶಲಿ ರೈನ್‌ಹೋಲ್ಡ್ ಬರ್ಗರ್ ಎಂಬಾತ ಅದಕ್ಕೆ ಲೋಹದ ಕವಚ ತೊಡಿಸಿ ಮನೆಬಳಕೆಗೆ ತಕ್ಕ ರೂಪ ಕೊಟ್ಟು ಪೇಟೆಂಟ್ ಪಡೆದ. ಮರುವರ್ಷ ‘ಥರ್ಮಾಸ್’ ಕಂಪನಿ ಹುಟ್ಟಿತು. ಶಾಖವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು. ಡ್ಯೂಅರ್ ನ್ಯಾಯಾಲಯದ ಮೆಟ್ಟಿಲೇರಿ ಬರಿಗೈಯಲ್ಲಿ ಮರಳಿದ. ಆ ಹೆಸರಿನ ಪಾಡೂ ಸ್ವಾರಸ್ಯವಾದುದೇ: ಯಾರು ಮಾಡಿದ ಫ್ಲಾಸ್ಕಾದರೂ ನಮ್ಮ ಮನೆಗಳಲ್ಲಿ ಅದು ‘ಥರ್ಮಾಸು’. ಜನರ ಬಾಯಿಗೆ ಬಿದ್ದ ಮೇಲೆ ಅದು ಎಲ್ಲರ ಪದವೆಂದು ಅಮೆರಿಕದ ನ್ಯಾಯಾಲಯವೂ 1963ರಲ್ಲಿ ಒಪ್ಪಿಕೊಂಡಿತು.

ಇರಲಿ. ಮೇಷ್ಟ್ರ ಮೇಜಿಗೆ ಮರಳೋಣ.

ಗಾಳಿ ತೆಗೆದ ಶೀಶೆ ಸುಮ್ಮನೆ ನಿಂತಿರುವಂತೆ ಕಂಡರೂ ಅದು ಎಂದೂ ವಿಶ್ರಾಂತಿಯಲ್ಲಿರುವುದಿಲ್ಲ. ವಾತಾವರಣವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಂತೆ ಹೊರಗೋಡೆಯನ್ನು ಒಳಕ್ಕೂ ಒಳಗೋಡೆಯನ್ನು ಹೊರಕ್ಕೂ ಒತ್ತುತ್ತಲೇ ಇರುತ್ತದೆ. ಹಗಲಿರುಳೂ ಭಾರ ಹೊತ್ತು ನಿಂತ ಇಂತಹ ತೆಳುಗಾಜಿಗೆ ಒಂದು ಸಣ್ಣ ಗೀರು ಸಾಕು. ಗಾಜಿಗೂ ತಗಡಿಗೂ ನೇರ ಸ್ಪರ್ಶವಾಗದಿರಲೆಂದೇ ತಯಾರಕರು ಕೊರಳಿನ ಸುತ್ತ ಒಂದು ರಬ್ಬರಿನ ಉಂಗುರವನ್ನೂ ತಳದಲ್ಲಿ ಒಂದು ರಬ್ಬರಿನ ಮೆತ್ತೆಯನ್ನೂ ಇಡುತ್ತಾರೆ. ಕೆಲವದರಲ್ಲಿ ಮೆತ್ತೆಯ ಕೆಳಗೆ ಸ್ಪ್ರಿಂಗು ಕೂಡ ಉಂಟು. ಮೆತ್ತೆಯ ನಡುವೆ ಒಂದು ಕುಳಿ; ಗಾಜಿನ ಮೊನೆಯು ಆ ಕುಳಿಯಲ್ಲಿ ಯಾವುದಕ್ಕೂ ತಾಗದೆ ತೂಗುತ್ತಿರಬೇಕು. ಫ್ಲಾಸ್ಕಿನ ಭಾರವೆಲ್ಲ ಮೊನೆಯ ಸುತ್ತಣ ದುಂಡುಭಾಗದ ಮೇಲೆ ಕೂಡಬೇಕೇ ಹೊರತು ಮೊನೆಯ ಮೇಲಲ್ಲ. ಮೊನೆ ಮುರಿದರೆ ಗಾಳಿ ಒಳನುಗ್ಗುತ್ತದೆ. ಆಮೇಲೆ ಅದು ಫ್ಲಾಸ್ಕಲ್ಲ, ಬರಿಯ ಬಾಟಲಿ.

ಗಾಜು ಎಷ್ಟು ವರ್ಷವಾದರೂ ಮುಪ್ಪಾಗುವುದಿಲ್ಲ, ರಬ್ಬರು ಆಗುತ್ತದೆ. ಮೇಷ್ಟ್ರು ತಳವನ್ನು ಬಿಚ್ಚಿದಾಗ ಮೆತ್ತೆಯಿದ್ದ ಜಾಗದಲ್ಲಿ ಸಿಕ್ಕಿದ್ದು ಹಳೆಯ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಬಿರಿದ ಕಪ್ಪು ತುಣುಕುಗಳು. ಕೊರಳುಂಗುರವೂ ಮುಟ್ಟಿದರೆ ಉದುರುತ್ತಿತ್ತು. ಆಸರೆ ಕರಗಿದ ಮೇಲೆ ಗಾಜು ಕೆಳಕ್ಕೆ ಜರುಗಿ ಮೊನೆಯೂರಿ ಕುಳಿತಿದೆ. ಟ್ರಂಕನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಿದ ಯಾವುದೋ ಒಂದು ದಿನ, ಯಾರ ಕಿವಿಗೂ ಬೀಳದಂತೆ, ಅದು ಮುಗಿದಿದೆ. ಪುಡಿಗಾಸಿನ ರಬ್ಬರನ್ನು ಸಕಾಲದಲ್ಲಿ ಬದಲಿಸಿದ್ದರೆ ಮನೆಯ ಮಕ್ಕಳಷ್ಟೇ ವಯಸ್ಸಾದ ಆ ಗಾಜು ಇಂದಿಗೂ ಉಳಿದಿರುತ್ತಿತ್ತು. ಫ್ಲಾಸ್ಕು ಒಡೆದಾಗ ನಾವು ಗಾಜನ್ನು ಬೈಯುತ್ತೇವೆ. ತಪ್ಪು ಹೆಚ್ಚಾಗಿ ರಬ್ಬರಿನದು, ಅದನ್ನು ನೋಡದೆ ಬಿಟ್ಟವರದು.

ತಳ ಬಿಚ್ಚಿದ ಬಗೆಯನ್ನೂ ಹೇಳಬೇಕು. ಹಳೆಯ ಫ್ಲಾಸ್ಕುಗಳಲ್ಲಿ ಕೆಲವು ತಳದಲ್ಲಿ ತಿರುಗುತ್ತವೆ, ಕೆಲವು ಹೆಗಲಿನಲ್ಲಿ. ತುಕ್ಕು ಹಿಡಿದ ತಿರುಪು ಇಕ್ಕಳಕ್ಕೆ ಬಗ್ಗುವುದಿಲ್ಲ. ತಗಡೇ ಸೊಟ್ಟಗಾಗಿ ಮುಂದೆಂದೂ ಸರಿಯಾಗಿ ಕೂಡದಂತಾಗುತ್ತದೆ. ಸಂದಿಗೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಿಸಿ, ಬೆಳಗ್ಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಸುತ್ತಿ, ಎರಡು ಕೈಯಲ್ಲೂ ಒದ್ದೆಯ ರಬ್ಬರು ತುಂಡು ಹಿಡಿದು ತಿರುಗಿಸಿದರೆ ಸಾಮಾನ್ಯವಾಗಿ ಸಡಿಲುತ್ತದೆ. ಮೇಷ್ಟ್ರಿಗೆ ಎರಡು ರಾತ್ರಿ ಹಿಡಿಯಿತು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ಹಳೆಯ ಗಾಜುಗಳಲ್ಲಿ ಒಳಶೀಶೆಯು ಹೊರಶೀಶೆಗೆ ತಾಗದಂತೆ ನಡುವೆ ಸಣ್ಣ ಬಿಲ್ಲೆಗಳನ್ನು ಇಡುವ ರೂಢಿಯಿತ್ತು. ತಳದ ಬಳಿ ಕಂದು ಚುಕ್ಕೆಗಳಂತೆ ಕಾಣುವ ಆ ಬಿಲ್ಲೆಗಳು ಬಹುಮಟ್ಟಿಗೆ ಕಲ್ನಾರಿನವು, ಅಂದರೆ ಆಸ್ಬೆಸ್ಟಾಸಿನವು. ಗಾಜು ಇಡಿಯಾಗಿರುವವರೆಗೆ ಅವು ನಿರ್ವಾತದಲ್ಲಿ ಬಂಧಿಗಳು, ಯಾರಿಗೂ ಕೇಡಿಲ್ಲ. ಒಡೆದಾಗ ಮಾತ್ರ ಆ ನಾರಿನ ಕಣಗಳು ಉಸಿರಿಗೆ ಸೇರಬಾರದು. ಶ್ವಾಸಕೋಶಕ್ಕೆ ಅವು ಮಾಡುವ ಹಾನಿ ವರ್ಷಗಟ್ಟಲೆಯ ಮೇಲೆ ತೋರುತ್ತದೆ. ಆದ್ದರಿಂದ ಒಡೆದ ಹಳೆಯ ಫ್ಲಾಸ್ಕನ್ನು ಮೊರದ ಮೇಲೆ ಕೊಡವುವುದಾಗಲಿ, ಚೂರುಗಳನ್ನು ಒಣ ಪೊರಕೆಯಿಂದ ಗುಡಿಸುವುದಾಗಲಿ ಸಲ್ಲದು. ಮೇಷ್ಟ್ರು ಮನೆಯವರನ್ನೆಲ್ಲ ಒಳಗಿರಿಸಿ, ಹಿತ್ತಿಲಿನಲ್ಲಿ ನೀರು ಚಿಮುಕಿಸಿ ನೆನೆಸಿ, ಚೂರುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡಬ್ಬಿಯಲ್ಲಿ ಮುಚ್ಚಿ, ಮೇಲೆ ಒಡೆದ ಗಾಜೆಂದು ಬರೆದರು. ತಗಡಿನ ಒಳಭಾಗವನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಿ ಆ ಬಟ್ಟೆಯನ್ನೂ ಅದರೊಳಗೇ ಹಾಕಿದರು. ಮೊಮ್ಮಗಳು ಕಿಟಕಿಯಿಂದ ನೋಡಿ ನಕ್ಕಳು, ನಗಲಿ.

ದಪ್ಪವಾದ ಕೊರಳು ಮಾತ್ರ ಉಂಗುರದಂತೆ ಇಡಿಯಾಗಿ ಉಳಿದಿತ್ತು. ಅದನ್ನು ತೊಳೆದು ಕರವಸ್ತ್ರದಲ್ಲಿ ಸುತ್ತಿ, ಖಾಲಿ ಕವಚದ ಜೊತೆಗೆ ಚೀಲದಲ್ಲಿಟ್ಟುಕೊಂಡು ಅವರು ಪೇಟೆಗೆ ಹೊರಟರು.

ಅಂಗಡಿಯವರ ಭಾಷೆಯಲ್ಲಿ ಒಳಗಾಜಿಗೆ ‘ರೀಫಿಲ್’ ಎಂದು ಹೆಸರು. ಒಂದು ಕಾಲದಲ್ಲಿ ಈಗಲ್ ಮೊದಲಾದ ಫ್ಲಾಸ್ಕುಗಳು ಮನೆಮನೆಯಲ್ಲಿದ್ದಾಗ ರೀಫಿಲ್ ಕೊಳ್ಳುವುದು ಲಾಂದ್ರಕ್ಕೆ ಗಾಜು ಕೊಂಡಷ್ಟೇ ಸಹಜವಾಗಿತ್ತು. ಈಗ ಉಕ್ಕಿನ ಫ್ಲಾಸ್ಕುಗಳ ಸಾಲುಗಳ ಹಿಂದೆ, ಮೇಲಿನ ಹಲಗೆಯಲ್ಲಿ, ಧೂಳು ಹಿಡಿದ ರಟ್ಟಿನ ಪೆಟ್ಟಿಗೆಗಳಲ್ಲಿ ಅವು ಸಿಕ್ಕರೆ ಸಿಕ್ಕಾವು. ಮೊದಲನೆಯ ಅಂಗಡಿಯಾತ ಕವಚವನ್ನು ತಿರುಗಿಸಿ ನೋಡಿ ‘ಇದಕ್ಕೆ ಬರೋದಿಲ್ಲ’ ಎಂದ. ಎರಡನೆಯಾತ ನೋಡದೆಯೇ ಅದನ್ನೇ ಹೇಳಿದ.

ಬರುವುದಿಲ್ಲವೆಂಬುದಕ್ಕೂ ಕಾರಣವುಂಟು. ಆ ಫ್ಲಾಸ್ಕು ಒಂದು ಪಿಂಟಿನದು. ಇಂಗ್ಲಿಷ್ ಪಿಂಟು ಎಂದರೆ 568 ಮಿಲಿಲೀಟರು; ಅಮೆರಿಕದ ಪಿಂಟೋ 473. ನಮ್ಮ ದೇಶವು 1956ರ ಕಾಯಿದೆಯ ಮೂಲಕ ದಶಮಾನ ಪದ್ಧತಿಗೆ ಹೊರಳಿದ ಮೇಲೆ ಸೇರು, ಪಾವು, ಪಿಂಟುಗಳು ಒಂದೊಂದಾಗಿ ಹಿಂದೆ ಸರಿದವು. ಇಲ್ಲಿ ಸಿಕ್ಕುವ ರೀಫಿಲ್ಲುಗಳು ಅರ್ಧ ಲೀಟರು, ಒಂದು ಲೀಟರುಗಳ ಸಂತತಿ. ಪಿಂಟಿನ ಅಂಗಿಗೆ ಅರ್ಧ ಲೀಟರಿನ ದೇಹ ಸಡಿಲ. ಆದರೆ ಸಡಿಲವನ್ನು ತುಂಬಬಹುದು, ಬಿಗಿಯನ್ನು ಹಿಗ್ಗಿಸಲಾಗದು. ಅದಕ್ಕಾಗಿ ನೋಡಬೇಕಾದದ್ದು ಎಷ್ಟು ಹಿಡಿಸುತ್ತದೆಂಬುದನ್ನಲ್ಲ, ಅಳತೆಗಳನ್ನು: ಕೊರಳಿನ ಹೊರ ಅಗಲ, ಮೈಯ ಅಗಲ, ಬಾಯಿಯಿಂದ ಮೊನೆಯ ತುದಿಯವರೆಗಿನ ಎತ್ತರ. ಕೊರಳು ಒಪ್ಪಿದರೆ ಉಳಿದದ್ದಕ್ಕೆ ದಾರಿಯಿದೆ. ಕೊರಳು ಒಪ್ಪದಿದ್ದರೆ ಬಿರಡೆಯೂ ಕೂಡದು, ಹೆಗಲೂ ಹಿಡಿಯದು, ನೀರೆಲ್ಲ ಗಾಜಿಗೂ ತಗಡಿಗೂ ನಡುವೆ ಇಳಿಯುತ್ತದೆ.

ಮೂರನೆಯ ಅಂಗಡಿಯ ಮುದುಕ ಕವಚವನ್ನು ಕೇಳಲಿಲ್ಲ, ‘ಕೊರಳು ತಂದಿದ್ದೀರಾ?’ ಎಂದ. ಕರವಸ್ತ್ರ ಬಿಚ್ಚಿದಾಗ ಅವನ ಮುಖ ಅರಳಿತು. ಕೆಲಸ ಬಲ್ಲವರು ಕೇಳುವ ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾರೆ. ನಾಲ್ಕು ಪೆಟ್ಟಿಗೆಗಳನ್ನು ತೆರೆದು, ಕೊರಳಿಗೆ ಕೊರಳನ್ನು ಹೋಲಿಸಿ ಒಂದನ್ನು ಆರಿಸಿದ. ಎತ್ತರದಲ್ಲಿ ಒಂದು ಹೆಬ್ಬೆರಳಿನಗಲ ಕಡಿಮೆ, ಮೈಯಲ್ಲಿ ಕೊಂಚ ತೆಳು. ಗಾಜನ್ನು ಬೆಳಕಿಗೆ ಹಿಡಿದು ಒಳಮೈಯಲ್ಲಿ ಗೀರಿಲ್ಲವೆಂದೂ ಮೊನೆ ಇಡಿಯಾಗಿದೆಯೆಂದೂ ತೋರಿಸಿದ. ಅಂಗಡಿಯಲ್ಲೇ ಬಿಸಿನೀರು ತರಿಸಿ ಹುಯ್ದು ಹೊರಮೈಯನ್ನು ಮುಟ್ಟಿ ನೋಡೆಂದ. ಕೆಲವು ನಿಮಿಷ ಕಳೆದರೂ ಹೊರಗೋಡೆ ತಣ್ಣಗಿದ್ದರೆ ನಿರ್ವಾತ ಸುಭದ್ರ. ಬೆಚ್ಚಗಾದರೆ ಕಣ್ಣಿಗೆ ಕಾಣದ ಬಿರುಕಿನಿಂದ ಗಾಳಿ ಹೊಕ್ಕಿದೆಯೆಂದು ತಿಳಿಯಬೇಕು. ಮನೆಯಲ್ಲಿರುವ ಯಾವ ಫ್ಲಾಸ್ಕಿಗಾದರೂ, ಉಕ್ಕಿನದಕ್ಕೂ ಸಹ, ಈ ಪರೀಕ್ಷೆ ಸಲ್ಲುತ್ತದೆ.

ಉಕ್ಕಿನದರ ಮಾತು ಬಂದದ್ದರಿಂದ ಒಂದು ಮಾತು. ಅದನ್ನು ಅಮೆರಿಕದ ವಿಲಿಯಂ ಸ್ಟ್ಯಾನ್ಲಿ ಎಂಬಾತ 1913ರಲ್ಲಿ ರೂಪಿಸಿದ. ಪ್ರಯಾಣಕ್ಕೂ ಮಕ್ಕಳ ಕೈಗೂ ಅದೇ ತಕ್ಕದ್ದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ನಿರ್ವಾತ ಒಮ್ಮೆ ಕೆಟ್ಟರೆ ಬಿಚ್ಚಿ ಬದಲಿಸಲು ಏನೂ ಇಲ್ಲ. ಹೊಳೆಯುತ್ತ ನಿಂತಿರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಗಾಜಿನದು ಸುಲಭವಾಗಿ ಸಾಯುತ್ತದೆ. ಆದರೆ ಮತ್ತೆ ಹುಟ್ಟುವ ದಾರಿಯನ್ನು ಅದರ ತಿರುಪಿನಲ್ಲೇ ಇಟ್ಟಿದ್ದಾರೆ.

ಮನೆಗೆ ಬಂದು ಮೇಷ್ಟ್ರು ಕೆಲಸಕ್ಕೆ ಕೂತರು. ದಪ್ಪ ರಬ್ಬರು ಹಾಳೆಯಿಂದ ತಳದ ಅಗಲಕ್ಕೆ ಬಿಲ್ಲೆಗಳನ್ನು ಕತ್ತರಿಸಿ, ಪ್ರತಿಯೊಂದರ ನಡುವೆಯೂ ಮೊನೆಗೆ ಧಾರಾಳವಾಗುವಷ್ಟು ತೂತು ಕೊರೆದು, ಒಂದರ ಮೇಲೊಂದಿಟ್ಟು ಕೊರತೆಯ ಎತ್ತರವನ್ನು ತುಂಬಿದರು. ಮೊದಲ ಸಲ ಮೂರು ಬಿಲ್ಲೆ ಹಾಕಿದಾಗ ಹೆಗಲಿನ ತಿರುಪು ಕೊನೆಯ ಸುತ್ತಿನಲ್ಲಿ ಬಿಗಿಯಿತು. ಆಗಲೇ ಅವರು ನಿಲ್ಲಿಸಿದ್ದು ಒಳ್ಳೆಯದಾಯಿತು. ಇನ್ನೊಂದು ಒತ್ತು ಕೊಟ್ಟಿದ್ದರೆ ಹೊಸ ಗಾಜೂ ಹಳೆಯದರ ಹಿಂದೆ ಹೋಗುತ್ತಿತ್ತು. ಮೂರನೆಯದನ್ನು ತೆಗೆದು ಅದರ ಬದಲು ತೆಳುವಾದ ಉಣ್ಣೆಬಟ್ಟೆಯ ಬಿಲ್ಲೆಯನ್ನಿಟ್ಟರು. ಮೈಯ ಸಡಿಲಿಗೆ ಏಣುಗಳುಳ್ಳ ರಟ್ಟಿನ ಪಟ್ಟಿಯನ್ನು ಎರಡು ಕಡೆ ಸುತ್ತಿದರು. ಕೊರಳಿಗೆ ಹೊಸ ಉಂಗುರ. ತಿರುಪನ್ನು ಕೈಬಿಗಿಗೆ ನಿಲ್ಲಿಸಿ, ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಿದರು. ಸದ್ದಿಲ್ಲ.

ಬಿರಡೆಯದು ಬೇರೆ ಕಥೆ. ಹಳೆಯ ಕಾರ್ಕು ಒಣಗಿ, ಕಾಫಿಯ ಕಂದು ಕುಡಿದು, ಒಂದು ಪಕ್ಕ ಇಲಿ ಕಚ್ಚಿದಂತೆ ತೇದಿತ್ತು. ಶಾಖದ ದೊಡ್ಡ ಸೋರಿಕೆ ಬಾಯಿಯಲ್ಲೇ ಎಂದು ಮೇಲೆ ಹೇಳಿದ್ದು ನೆನಪಿರಬಹುದು. ಹೊಸ ಗಾಜಿಗೆ ಹಳೆಯ ಬಿರಡೆ ತೊಡಿಸುವುದು ಭದ್ರವಾದ ಮನೆಗೆ ಚಿಲಕವಿಲ್ಲದ ಬಾಗಿಲಿಟ್ಟಂತೆ. ಕಾರ್ಕೆಂಬುದು ಪೋರ್ಚುಗಲ್ ಮೊದಲಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಮರವನ್ನು ಕಡಿಯದೆ ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಅದನ್ನು ಸುಲಿಯುತ್ತಾರೆ. ಅದರ ಕಣಕಣದಲ್ಲೂ ಗಾಳಿ ಸೆರೆಯಾಗಿರುವುದರಿಂದ ಅದು ಹಗುರ, ಮೆತು, ಶಾಖಕ್ಕೆ ಅಡ್ಡಿ. ಹೊಸ ಕಾರ್ಕನ್ನು ಕುದಿಸಿ ಇಳಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಉಬ್ಬಿ ಮೃದುವಾಗಿ ಬಾಯಿಯ ಆಕಾರಕ್ಕೆ ಒಗ್ಗುತ್ತದೆ. ಮೇಷ್ಟ್ರು ಎರಡು ಕೊಂಡರು, ಒಂದು ನೀರಿಗೆ, ಒಂದು ಕಾಫಿಗೆ. ಕಾರ್ಕು ಒಮ್ಮೆ ಕುಡಿದ ವಾಸನೆಯನ್ನು ಸುಲಭವಾಗಿ ಬಿಡುವುದಿಲ್ಲ.

ಹಾಲನ್ನು ಮಾತ್ರ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಇಡಬಾರದು. ಅದು ಆರುತ್ತ ಆರುತ್ತ ಉಗುರುಬೆಚ್ಚಗಾದಾಗ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಹಿತವಾದ ತೊಟ್ಟಿಲಿಲ್ಲ. ಕೂಸು ಇರುವ ಮನೆಯಲ್ಲಿ ಇದು ಮರೆಯುವ ಮಾತಲ್ಲ. ಬಾಣಂತಿಗೆ ಬೇಕಾದದ್ದು ಬಿಸಿನೀರು, ನೀರೇ ಇರಲಿ. ಒಳಗೆ ಸುಣ್ಣ ಕಟ್ಟಿದರೆ ನಿಂಬೆಹುಳಿಯೋ ವಿನಿಗರೋ ಬೆರೆಸಿದ ನೀರನ್ನು ಕೆಲವು ಗಂಟೆ ನಿಲ್ಲಿಸಿದರೆ ಬಿಡುತ್ತದೆ. ತಂತಿಯ ಕುಂಚವಾಗಲಿ ಮರಳಾಗಲಿ ಹಾಕಿ ಗೀರೆಬ್ಬಿಸಬಾರದು. ಒಳಗೆ ಸದ್ದಾದ ಫ್ಲಾಸ್ಕಿನಲ್ಲಿದ್ದುದನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮಿತವ್ಯಯಿಗಳೂ ಇದ್ದಾರೆ. ಅವರಿಗೆ ಹೇಳುವುದಿಷ್ಟೇ: ಚೆಲ್ಲಿರಿ.

ಆ ರಾತ್ರಿ ಹತ್ತು ಗಂಟೆಗೆ ಮೇಷ್ಟ್ರು ಮೊದಲು ಬೆಚ್ಚನೆಯ ನೀರನ್ನು ತುಂಬಿ ಎರಡು ನಿಮಿಷ ಬಿಟ್ಟು ಚೆಲ್ಲಿದರು. ತಣ್ಣನೆಯ ಗಾಜಿಗೆ ಕುದಿನೀರನ್ನು ಏಕಾಏಕಿ ಹುಯ್ದರೆ ಬಿರಿಯುವ ಭಯವಿದೆ. ಅನಂತರ ಕುದಿನೀರು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ನಾವು ಮೂರು ಡಿಗ್ರಿ ಕಳೆದುಕೊಂಡೇ ಹೊರಡುತ್ತೇವೆಂದು ಮೊಮ್ಮಗಳಿಗೆ ಪಾಠವನ್ನೂ ಹೇಳಿದರು. ಬಿರಡೆಗೆ ನೀರು ತಾಗದಂತೆ ಎರಡು ಬೆರಳು ಜಾಗ ಬಿಟ್ಟು ಮುಚ್ಚಿ, ಫ್ಲಾಸ್ಕನ್ನು ತಾಯಿಯ ಹಾಸಿಗೆಯ ಬಳಿ ಇಟ್ಟರು. ಪಕ್ಕದ ಕೋಣೆಯಲ್ಲಿ ಉಕ್ಕಿನದೂ ತುಂಬಿಕೊಂಡು ನಿಂತಿತ್ತು. ಮೇಷ್ಟ್ರು ಮಾತಿನಲ್ಲಿ ತೋರಿಸದಿದ್ದರೂ ಮನಸ್ಸಿನಲ್ಲಿ ಪಂದ್ಯವಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಹಿರಿಯಾಕೆ ಎದ್ದರು. ಕತ್ತಲೆಯಲ್ಲಿಯೇ ಕೈ ಚಾಚಿ ಹಸಿರು ತಗಡನ್ನು ಸವರಿದರು. ಕಲ್ಲಿನಂತೆ ತಣ್ಣಗಿತ್ತು.

‘ಏನೋ ಇದು, ಹೀಗೆ ತಣ್ಣಗಿದೆ? ನೀರು ಹಾಕಿದ್ದೀಯೋ ಇಲ್ಲವೋ?’ ಎಂದು ಮಗನನ್ನು ಕೂಗಿದರು.

ಮೇಷ್ಟ್ರು ದೀಪ ಹಾಕಿ ಬಂದು, ಏನೂ ಹೇಳದೆ, ಬಿರಡೆ ತೆಗೆದು ಬಟ್ಟಲಿಗೆ ಬಗ್ಗಿಸಿದರು. ಹಬೆಯು ಹಿರಿಯಾಕೆಯ ಕನ್ನಡಕದ ಗಾಜಿನ ಮೇಲೆ ಕೂತು, ಅವರಿಗೆ ಬಟ್ಟಲೂ ಕಾಣದಾಯಿತು, ಮಗನ ಮುಖವೂ ಕಾಣದಾಯಿತು.